ಸೇನಾ ಟ್ರಕ್‌ನ ಹೈಡ್ರಾಲಿಕ್ ಸರ್ವೀಸ್: ಮೊದಲು ಧೂಳು ಒರೆಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಹಳ್ಳ, ನಾಲೆ, ಸಣ್ಣ ನದಿಗಳಿಗೆ ಅಡ್ಡಲಾಗಿ ಭಾರತೀಯ ಸೇನೆ ಹಾಸುವ ‘ಸರ್ವತ್ರ’ ಸೇತುವೆ ಬರುವುದು ಬಿಇಎಂಎಲ್-ಟಾಟ್ರಾ ಟ್ರಕ್‌ಗಳ ಬೆನ್ನ ಮೇಲೆ. ಒಂದೊಂದು ಟ್ರಕ್ 15 ಮೀಟರ್‌ನ ಒಂದು ಅಂಕಣವನ್ನು ಬಿಡಿಸಿ ಹಾಸುತ್ತದೆ. ಐದು ಸೇರಿದರೆ 75 ಮೀಟರ್. ಎತ್ತುವುದು, ಬಿಡಿಸುವುದು, ಇಳಿಸುವುದು ಎಲ್ಲವೂ ಹೈಡ್ರಾಲಿಕ್ ಶಕ್ತಿಯಿಂದ, ಅಂದರೆ ಎಣ್ಣೆಯ ಒತ್ತಡದಿಂದ. ಒಂದು ಟ್ರಕ್‌ನ ಸಿಲಿಂಡರ್ ಕೈಕೊಟ್ಟರೆ ಹಿಂದಿರುವ ಇಡೀ ಪಡೆ ದಡದಲ್ಲೇ ನಿಲ್ಲಬೇಕು. ದೊಡ್ಡ ದುರಸ್ತಿಗೆ ಸೇನೆಯ ವಾಹನ, ಯಂತ್ರಗಳನ್ನು ನೋಡಿಕೊಳ್ಳುವ ಇಎಂಇ ಕೋರ್‌ನ ಕುಶಲಕರ್ಮಿಗಳಿದ್ದಾರೆ, ಆದರೆ ದಿನನಿತ್ಯದ ತಪಾಸಣೆ ಚಾಲಕನ ಕೆಲಸ. ಇಲ್ಲಿ ಹೇಳುವ ಕ್ರಮ ಜೆಸಿಬಿ, ಟಿಪ್ಪರ್ ಇಟ್ಟುಕೊಂಡವರಿಗೂ ಅಷ್ಟೇ ಅನ್ವಯಿಸುತ್ತದೆ.

ಹೊರಡುವ ಮುನ್ನ ಟ್ರಕ್ಕಿನ ಸುತ್ತ ಒಂದು ಸುತ್ತು ಹಾಕಿ. ಟೈರ್, ನಟ್, ದೀಪ, ನೆಲದ ಮೇಲಿನ ಎಣ್ಣೆ ಕಲೆ ನೋಡಿ. ಏರ್ ಬ್ರೇಕ್ ಟ್ಯಾಂಕಿನ ನೀರನ್ನು ಹೊರಬಿಡಿ. ಲಡಾಖ್‌ನ ಚಳಿಯಲ್ಲಿ ಅದೇ ನೀರು ಹೆಪ್ಪುಗಟ್ಟಿ ಬ್ರೇಕ್ ಕೆಡಿಸುತ್ತದೆ. ಟಾಟ್ರಾದ ಎಂಜಿನ್ ಗಾಳಿಯಿಂದ ತಣಿಯುವಂಥದ್ದು, ರೇಡಿಯೇಟರ್ ನೀರಿನ ಚಿಂತೆಯಿಲ್ಲ. ಅದರ ಬದಲು ಎಂಜಿನ್ನಿನ ರೆಕ್ಕೆಗಳ ನಡುವೆ ಕೂತ ಧೂಳನ್ನು ತೆಗೆಯಬೇಕು.

ಈಗ ಹೈಡ್ರಾಲಿಕ್‌ಗೆ ಬರೋಣ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸಿಲಿಂಡರ್‌ಗಳನ್ನೆಲ್ಲ ಪೂರ್ತಿ ಒಳಗೆಳೆದುಕೊಂಡ ಮೇಲೆಯೇ ಎಣ್ಣೆಯ ಮಟ್ಟ ನೋಡಬೇಕು. ಸಿಲಿಂಡರ್ ಚಾಚಿಕೊಂಡಿದ್ದರೆ ಒಂದಷ್ಟು ಎಣ್ಣೆ ಅದರೊಳಗೇ ಇರುತ್ತದೆ. ಟ್ಯಾಂಕಿನಲ್ಲಿ ಕಡಿಮೆ ಕಾಣುತ್ತದೆ ಎಂದು ಮೇಲಿಂದ ತುಂಬಿದರೆ, ಆಮೇಲೆ ಅದು ಉಕ್ಕುತ್ತದೆ. ಮಟ್ಟದ ಜೊತೆಗೆ ಬಣ್ಣವನ್ನೂ ಗಮನಿಸಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ವಿಪರೀತ ಕಾದಿದೆ. ನೊರೆ ಎದ್ದಿದ್ದರೆ ಪಂಪಿನತ್ತ ಹೋಗುವ ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿದೆ.

ಸೋರಿಕೆಯನ್ನು ಎಂದಿಗೂ ಬರಿಗೈಯಿಂದ ತಡವಿ ಹುಡುಕಬೇಡಿ. ಇದನ್ನು ಎಷ್ಟು ಸಾರಿ ಹೇಳಿದರೂ ಕಡಿಮೆಯೇ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಹೋಗುತ್ತದೆ. ಗಾಯ ಚಿಕ್ಕದಾಗಿ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ, ಆದರೆ ತಡಮಾಡಿದರೆ ಬೆರಳನ್ನೇ ಕತ್ತರಿಸಬೇಕಾಗಬಹುದು. ಒಂದು ತುಂಡು ರಟ್ಟನ್ನು ದೂರದಿಂದ ಹಿಡಿದು ನೋಡಿ. ಎಣ್ಣೆ ಚರ್ಮದೊಳಗೆ ಹೋಗಿದೆ ಎಂಬ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಕಳಿಸಿ, ಏನಾಯಿತೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ.

ಯಾವುದೇ ಜೋಡಣೆ ಬಿಚ್ಚುವ ಮೊದಲು ಎತ್ತಿದ ಭಾಗವನ್ನು ಕೆಳಗಿಳಿಸಿ, ಇಲ್ಲವೇ ಉಕ್ಕಿನ ಆಸರೆ ಕೊಡಿ. ಎಂಜಿನ್ ನಿಲ್ಲಿಸಿ, ಲಿವರ್‌ಗಳನ್ನು ಎರಡೂ ಕಡೆ ಆಡಿಸಿ ಒಳಗಿನ ಒತ್ತಡ ಇಳಿಸಿ. ಅಕ್ಯುಮ್ಯುಲೇಟರ್ (ಎಣ್ಣೆಯನ್ನು ಒತ್ತಡದಲ್ಲಿ ಕೂಡಿಡುವ ಪಾತ್ರೆ) ಇದ್ದರೆ ಅದರ ಒತ್ತಡವನ್ನು ಪ್ರತ್ಯೇಕವಾಗಿ ಬಿಡಬೇಕು. ಆಮೇಲೆ ಜೋಡಣೆಯ ಸುತ್ತಲಿನ ಮಣ್ಣನ್ನು ಒರೆಸಿ ತೆಗೆಯಿರಿ. ಬಿಚ್ಚಿದ ಬಾಯಿಗೆ ಕೂಡಲೇ ಮುಚ್ಚಳ ಹಾಕಿ.

ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್ ದಪ್ಪ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್). ಪಂಪು, ವಾಲ್ವುಗಳನ್ನು ಗೀರಿ ಹಾಳುಮಾಡುವ ಕಣಗಳು ಅದಕ್ಕಿಂತ ಬಹಳ ಚಿಕ್ಕವು, ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ‘ನೋಡಿದರೆ ಶುದ್ಧವಾಗಿದೆ’ ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹೊಸ ಡ್ರಮ್ಮಿನ ಎಣ್ಣೆಯನ್ನೂ ಫಿಲ್ಟರ್ ಮೂಲಕವೇ ತುಂಬಬೇಕು. ಡ್ರಮ್ಮನ್ನು ಬಯಲಲ್ಲಿ ನಿಲ್ಲಿಸಿಡಬೇಡಿ. ಮೇಲೆ ನಿಂತ ಮಳೆನೀರನ್ನು ಅದು ಹಗಲಿನ ಬಿಸಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುತ್ತ ಮುಚ್ಚಳದ ಸಂದಿನಿಂದ ಒಳಗೆಳೆದುಕೊಳ್ಳುತ್ತದೆ. ಸೂರಿನಡಿ ಅಡ್ಡ ಮಲಗಿಸಿಡಿ.

ಫಿಲ್ಟರ್ ಮತ್ತು ಟ್ಯಾಂಕಿನ ಬ್ರೀದರ್ (ಗಾಳಿ ಒಳಹೊರಗೆ ಆಡುವ ಸೋಸುಬಾಯಿ) ಬದಲಿಸುವ ಅವಧಿ, ಎಣ್ಣೆಯ ದರ್ಜೆ ಎರಡಕ್ಕೂ ಕೈಪಿಡಿಯೇ ಪ್ರಮಾಣ. ರಾಜಸ್ಥಾನದ ಮರಳಿನಲ್ಲಿ ಓಡುವ ಟ್ರಕ್ಕಿನ ಬ್ರೀದರನ್ನು ಅದಕ್ಕೂ ಮೊದಲೇ ನೋಡುವುದು ಒಳ್ಳೆಯದು. ಬ್ರೇಕ್ ದ್ರವವನ್ನು ಹೈಡ್ರಾಲಿಕ್ ಟ್ಯಾಂಕಿಗೆ ಸುರಿಯುವಂತಿಲ್ಲ, ಎಣ್ಣೆ ಸೋರದಂತೆ ತಡೆಯುವ ಸೀಲುಗಳು ಹಾಳಾಗುತ್ತವೆ.

ಎಣ್ಣೆ ತುಂಬಿದ ಮೇಲೆ ಎಂಜಿನ್ನನ್ನು ನಿಧಾನ ವೇಗದಲ್ಲಿ ಬಿಟ್ಟು, ಭಾರವಿಲ್ಲದೆ ಪ್ರತಿ ಸಿಲಿಂಡರನ್ನೂ ಹಲವು ಬಾರಿ ಪೂರ್ತಿ ಚಾಚಿ ಮಡಚಿ. ಚಲನೆಯ ನಡುಕ ನಿಂತು ನಯವಾದರೆ ಗಾಳಿ ಹೊರಹೋಗಿದೆ ಎಂದರ್ಥ. ಮತ್ತೆ ಮಟ್ಟ ನೋಡಿ. ಉಬ್ಬಿದ, ಸವೆದು ಒಳಗಿನ ತಂತಿ ಕಾಣುವ ಹೋಸ್‌ಗಳನ್ನು ಟೇಪು ಸುತ್ತಿ ಮುಂದುವರಿಸದೆ ಬದಲಿಸಿಯೇಬಿಡಿ, ದಿನಾಂಕವನ್ನು ಲಾಗ್‌ಬುಕ್ಕಿನಲ್ಲಿ ಬರೆಯಿರಿ.

ಬಹುಕಾಲ ಶೆಡ್ಡಿನಲ್ಲೇ ನಿಲ್ಲುವ ಟ್ರಕ್ಕಿಗೂ ಆರೈಕೆ ಬೇಕು. ಸಿಲಿಂಡರಿನ ಹೊಳೆಯುವ ದಂಡ ಹೊರಗೇ ಉಳಿದರೆ ತುಕ್ಕಿನ ಚುಕ್ಕಿ ಮೂಡಿ, ಮುಂದಿನ ಬಾರಿ ಅದೇ ಸೀಲನ್ನು ಕೊಯ್ಯುತ್ತದೆ. ದಂಡಗಳನ್ನು ಒಳಗೆಳೆದೇ ನಿಲ್ಲಿಸಿ. ಹೊರಗುಳಿಯುವ ಭಾಗಕ್ಕೆ ಗ್ರೀಸ್ ಸವರಿ, ಮತ್ತೆ ಕೆಲಸಕ್ಕೆ ಇಳಿಸುವ ಮೊದಲು ಅದನ್ನು ಧೂಳಿನ ಸಮೇತ ಒರೆಸಿಬಿಡಿ.