ಹಿಮ ಕರಗಿದ್ಮೇಲೆ ಕಾಡಿನ ಕ್ಯಾಂಪ್ ಮತ್ತೆ ಓಪನ್ ಮಾಡೋದು ಹೇಗೆ

ತಿಂಗಳುಗಟ್ಟಲೆ ಹಿಮದಡಿ ಬಿದ್ದಿದ್ದ ಕ್ಯಾಂಪನ್ನ ತೆರೆಯೋದಿದ್ರೆ ಗೆಸ್ಟ್‌ಗಳು ಬರೋಕೆ ಒಂದು ವಾರ ಮುಂಚೆನೇ ಹೋಗಿ, ಒಬ್ರೇ ಅಂತೂ ಹೋಗ್ಲೇಬೇಡಿ. ಅಲ್ಲಿ ಸಿಗ್ನಲ್ ಇರಲ್ಲ, ಅದಕ್ಕೆ ಸ್ಯಾಟಲೈಟ್ ಫೋನ್ ಇಟ್ಕೊಳಿ, ಯಾವತ್ತು ವಾಪಸ್ ಬರ್ತೀವಿ ಅಂತ ಮನೇಲಿ ಹೇಳಿಟ್ಟಿರಿ. ಕುಡಿಯೋ ನೀರು, ಚಿಕ್ಕ ಸ್ಟೌವ್, ಟೆಂಟ್ ಜೊತೇಲಿರ್ಲಿ, ಮೊದಲ ರಾತ್ರಿ ಕ್ಯಾಬಿನ್ ಒಳಗೆ ಮಲಗೋ ಸ್ಥಿತೀಲಿ ಇರತ್ತೋ ಇಲ್ವೋ ಹೇಳಕ್ಕಾಗಲ್ಲ.

ಹೋದ ತಕ್ಷಣ ಬೀಗ ತೆಗೀಬೇಡಿ. ಮೊದಲು ತಲೆ ಎತ್ತಿ ನೋಡ್ಕೊಂಡು ಒಂದು ಸುತ್ತು ಬನ್ನಿ. ಹಿಮದ ಭಾರಕ್ಕೆ ಮುರಿದು ಮರದಲ್ಲೇ ಸಿಕ್ಕಾಕೊಂಡಿರೋ ಕೊಂಬೆಗಳು ಸ್ವಲ್ಪ ಗಾಳಿ ಬೀಸಿದ್ರೂ ಸಾಕು, ಕೆಳಗೆ ಬೀಳತ್ತೆ, ಅವನ್ನ ಇಳಿಸೋವರೆಗೂ ಆ ಜಾಗಕ್ಕೆ ಹಗ್ಗ ಕಟ್ಟಿ ಯಾರೂ ಹೋಗದ ಹಾಗೆ ಮಾಡಿ. ಛಾವಣಿ ಮಧ್ಯೆ ಬಗ್ಗಿದ್ಯಾ ನೋಡಿ, ಒದ್ದೆಯಾಗಿ ಗಟ್ಟಿ ಕೂತಿರೋ ಹಿಮ ಒಂದು ಘನ ಮೀಟರ್‌ಗೆ 300ರಿಂದ 500 ಕೆಜಿ ತೂಗತ್ತೆ. ಬಾಗಿಲು ಬಿಗಿಯಾಗಿ ಕೂತಿದ್ರೆ ಹತ್ರಿ ಹಿಡಿದು ಅದನ್ನ ಕೆತ್ತೋಕೆ ಹೋಗ್ಬೇಡಿ. ಮಣ್ಣಲ್ಲಿರೋ ನೀರು ಹೆಪ್ಪುಗಟ್ಟಿದಾಗ ಅಡಿಪಾಯದ ಕಂಬಗಳನ್ನ ಮೇಲಕ್ಕೆ ಎತ್ತಿರತ್ತೆ, ಅದಕ್ಕೇ ಬಾಗಿಲು ಬಿಗಿಯಾಗಿರಬಹುದು, ನೆಲ ಪೂರ್ತಿ ಕರಗಿದ್ಮೇಲೆ ಎಷ್ಟೋ ಸಲ ವಾಪಸ್ ಇಳಿಯತ್ತೆ, ಆಮೇಲೆ ಲೆವೆಲ್ ಇಟ್ಟು ನೋಡಿ.

ಒಳಗೆ ಹೋದ್ರೆ ಇಲಿ ಹಿಕ್ಕೆ ಗ್ಯಾರಂಟಿ. ದಯವಿಟ್ಟು ಪೊರಕೆ ಹಿಡೀಬೇಡಿ, ವ್ಯಾಕ್ಯೂಮ್ ಕೂಡ ಬೇಡ! ಕೆಲವು ಜಾತಿ ಇಲಿಗಳಲ್ಲಿ ಹಂಟಾವೈರಸ್ ಇರತ್ತೆ, ಗುಡಿಸಿದಾಗ ಧೂಳಿನ ಜೊತೆ ಎದ್ದು ಉಸಿರಲ್ಲಿ ಒಳಗೆ ಹೋಗತ್ತೆ, ಶ್ವಾಸಕೋಶಕ್ಕೆ ಬಂದ್ರೆ ಜೀವಕ್ಕೇ ಅಪಾಯ. ಕಿಟಕಿ ಬಾಗಿಲು ತೆಗೆದು 30 ನಿಮಿಷ ಆಚೆ ಇರಿ, ಆಮೇಲೆ ಗ್ಲೌಸ್ ಹಾಕ್ಕೊಂಡು ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಯೋ ಹಾಗೆ ಹಾಕಿ, 5 ನಿಮಿಷ ಬಿಟ್ಟು ಪೇಪರ್ ಟವೆಲಲ್ಲಿ ಒರೆಸಿ ಚೀಲಕ್ಕೆ ಹಾಕಿ ಕಟ್ಟಿ. ಗೂಡು ಕಟ್ಟಿರೋ ಹಾಸಿಗೆ ಇಟ್ಕೊಳೋದೇ ಬೇಡ. 6 ಮಿಲಿಮೀಟರ್ ತೂತು ಇದ್ರೂ ಇಲಿ ನುಗ್ಗತ್ತೆ, ಸ್ಟೀಲ್ ವೂಲ್ ತುರುಕಿ ಮುಚ್ಚಿ.

ಒಲೆ ಹಚ್ಚೋಕೆ ಮುಂಚೆ ಚಿಮಣಿ ಒಳಗೆ ಹಕ್ಕಿಗೂಡು, ಮಸಿ ಇದ್ಯಾ ನೋಡಿ ಬ್ರಷ್ ಹಾಕಿ, ಕಾರ್ಬನ್ ಮೊನಾಕ್ಸೈಡ್ (ಒಲೆಯಿಂದ ಬರೋ, ವಾಸನೆ ಇಲ್ಲದ ವಿಷಾನಿಲ) ಅಲಾರಂಗೆ ಹೊಸ ಬ್ಯಾಟರಿ ಹಾಕಿ. ಗ್ಯಾಸ್ ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದ್ರೆ ಲೀಕ್ ಅಂತ. ಸಿಲಿಂಡರ್‌ನಲ್ಲಿರೋ ಪ್ರೊಪೇನ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಸೇರ್ಕೊಳತ್ತೆ, ಆದ್ರಿಂದ ನಿಂತ್ಕೊಂಡು ವಾಸನೆ ನೋಡಿ ಲೀಕ್ ಇಲ್ಲ ಅಂದ್ಕೋಬೇಡಿ.

ನನ್ನ ಪ್ರಕಾರ ಜಾಸ್ತಿ ಟೈಮ್ ಇಡ್ಬೇಕಾಗಿರೋದು ನೀರಿನ ಲೈನಿಗೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9 ಹಿಗ್ಗತ್ತೆ, ಪೈಪಲ್ಲಿ ಎಲ್ಲೋ ಸ್ವಲ್ಪ ನಿಂತಿದ್ರೂ ಆ ಜಾಗ ಒಡೆದಿರಬಹುದು, ಆದ್ರೆ ನೀರು ಬಿಡೋವರೆಗೂ ಗೊತ್ತೇ ಆಗಲ್ಲ. ಒಬ್ರು ಪಂಪ್ ಹತ್ರ ನಿಲ್ಲಿ, ಇನ್ನೊಬ್ರು ಒಳಗೆ ಟಾರ್ಚ್ ಹಿಡಿದು ಸಿಂಕ್ ಕೆಳಗೆಲ್ಲ ನೋಡ್ತಿರ್ಲಿ, ವಾಲ್ವ್ ನಿಧಾನಕ್ಕೆ ತಿರುಗಿಸಿ. ಗೀಸರ್ ಪೂರ್ತಿ ತುಂಬಿ ಬಿಸಿನೀರಿನ ನಲ್ಲೀಲಿ ನೀರು ಒಂದೇ ಸಮ ಬರೋವರೆಗೂ ಸ್ವಿಚ್ ಮುಟ್ಬೇಡಿ, ಖಾಲಿ ಟ್ಯಾಂಕಲ್ಲಿ ಆನ್ ಮಾಡಿದ್ರೆ ಕಾಯಿಲ್ ಸುಟ್ಟೋಗತ್ತೆ. ಬಾವಿಗೆ ಕ್ಲೋರಿನ್ ಹಾಕಿ, ಲೈನ್ ತೊಳೆದು, ಸ್ಯಾಂಪಲ್‌ನ ಲ್ಯಾಬಿಗೆ ಕಳ್ಸಿ, ರಿಪೋರ್ಟ್ ಬರೋವರೆಗೂ ಒಂದು ನಿಮಿಷ ಕುದಿಸಿ ಕುಡೀರಿ, 2000 ಮೀಟರ್‌ಗಿಂತ ಎತ್ತರದ ಜಾಗ ಆದ್ರೆ ಮೂರು ನಿಮಿಷ. ಹೊಳೆ ನೀರು ಎಷ್ಟೇ ತಿಳಿಯಾಗಿದ್ರೂ ಅದರಲ್ಲಿ ಹೊಟ್ಟೆ ಕೆಡಿಸೋ ಜಿಯಾರ್ಡಿಯಾ ಅನ್ನೋ ಸೂಕ್ಷ್ಮಜೀವಿ ಇರಬಹುದು, ಹಾಗೇ ಕುಡಿಯೋದು ಬೇಡ.

ಸೋಲಾರ್ ಬ್ಯಾಟರಿ ಊದಿಕೊಂಡಿದ್ರೆ ಚಾರ್ಜ್ ಹಾಕ್ಬೇಡಿ, ಚಾರ್ಜ್ ಇಳಿದಿರೋ ಲೆಡ್ ಆಸಿಡ್ ಬ್ಯಾಟರಿ ಸೊನ್ನೆಗಿಂತ ಸ್ವಲ್ಪ ಕೆಳಗೆ ಹೋದ್ರೇ ಹೆಪ್ಪುಗಟ್ಟತ್ತೆ. ಲಿಥಿಯಂ ಆದ್ರೆ ಬ್ಯಾಟರಿ ಸೊನ್ನೆ ಡಿಗ್ರಿ ದಾಟೋವರೆಗೂ ಕಾಯಿರಿ. ಜನರೇಟರ್‌ನಲ್ಲಿ ಉಳಿದ ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿ.

ಕರಡಿ ಇರೋ ಕಾಡಾದ್ರೆ ಇನ್ನೊಂದು ಕೆಲಸ ಇದೆ. ಅವು ಗುಹೆಯಿಂದ ಹೊರಗೆ ಬರೋದೂ ಇದೇ ಟೈಮಿಗೆ, ಹಸಿದಿರತ್ತೆ. ದಿನಸಿ ಇಳಿಸೋಕೆ ಮುಂಚೆನೇ ಗಟ್ಟಿ ಮುಚ್ಚಳದ ಡಬ್ಬಗಳು, ಕಸದ ಪೆಟ್ಟಿಗೆಯ ಚಿಲಕ ಎಲ್ಲ ಸರಿ ಇದ್ಯಾ ನೋಡಿ, ಚಿಲಕ ತುಕ್ಕು ಹಿಡಿದಿದ್ರೆ ಅವತ್ತೇ ಬದಲಾಯಿಸಿ. ಒಂದ್ಸಲ ಊಟದ ರುಚಿ ಸಿಕ್ಕಿದ್ರೆ ಕರಡಿ ಪದೇ ಪದೇ ಬರತ್ತೆ, ಕೊನೆಗೆ ಎಷ್ಟೋ ಸಲ ಅದನ್ನ ಕೊಲ್ಲಬೇಕಾಗತ್ತೆ.