ಅಂಕವಿದ್ದೂ ವಿದ್ಯಾರ್ಥಿವೇತನ ತಿರಸ್ಕೃತವಾದರೆ ಏನು ಮಾಡಬೇಕು?

ದ್ವಿತೀಯ ಪಿಯುಸಿಯಲ್ಲಿ ಶೇ. 90ಕ್ಕೂ ಹೆಚ್ಚು ಅಂಕ ಗಳಿಸಿ ಪದವಿಗೆ ಸೇರಿದ ವಿದ್ಯಾರ್ಥಿಯ ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ತಿರಸ್ಕೃತವಾದರೆ, ಮನೆಯವರು ಮೊದಲು ಮಾಡುವುದು ಅಂಕಪಟ್ಟಿ ಹಿಡಿದು ಕಾಲೇಜಿನ ಕಚೇರಿಗೆ ಹೋಗುವುದು. ಅದರಿಂದ ಪ್ರಯೋಜನವಾಗುವುದು ಅಪರೂಪ. ಅಂಕವನ್ನು ಯಾರೂ ಅಲ್ಲಗಳೆದಿರುವುದಿಲ್ಲ. ಅರ್ಜಿ ಬಿದ್ದುಹೋಗಿರುವುದು ಬಹುತೇಕ ಬೇರೆ ಕಾರಣಕ್ಕೆ. ಆ ಕಾರಣ ಯಾವ ಹಂತದಲ್ಲಿ ಹುಟ್ಟಿತು ಎಂದು ಮೊದಲು ಕಂಡುಕೊಂಡು, ಆ ಹಂತದ ಅಧಿಕಾರಿಯನ್ನೇ ಲಿಖಿತವಾಗಿ ಕೇಳುವುದು ಸರಿಯಾದ ದಾರಿ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಕೇಂದ್ರ ಶಿಕ್ಷಣ ಸಚಿವಾಲಯವು ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಕೊಡುವ, ಈಗ ಪಿಎಂ-ಯುಎಸ್‌ಪಿ (ಪ್ರಧಾನ ಮಂತ್ರಿ ಉಚ್ಚತರ ಶಿಕ್ಷಾ ಪ್ರೋತ್ಸಾಹನ್) ಹೆಸರಿನಲ್ಲಿರುವ ಪ್ರತಿಭಾ ವಿದ್ಯಾರ್ಥಿವೇತನ. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸ ವೇತನಗಳಿದ್ದು, ಅರ್ಧದಷ್ಟು ವಿದ್ಯಾರ್ಥಿನಿಯರಿಗೆ ಮೀಸಲು. ಪದವಿ ಹಂತದಲ್ಲಿ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರದಲ್ಲಿ 20,000 ರೂಪಾಯಿ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರಿರಬಾರದು.

ಹೆಚ್ಚಿನ ಗೊಂದಲವಿರುವುದು ಅರ್ಹತೆಯ ಅಂಕದ ಬಗ್ಗೆ. ಯೋಜನೆ ಕೇಳುವುದು ಶೇ. 80 ಅಂಕವನ್ನಲ್ಲ, 80ನೇ ಪರ್ಸೆಂಟೈಲ್‌ಗಿಂತ ಮೇಲಿನ ಸ್ಥಾನವನ್ನು. ಅಂದರೆ ತಮ್ಮ ಮಂಡಳಿಯಲ್ಲಿ, ತಮ್ಮದೇ ವಿಭಾಗದಲ್ಲಿ ತೇರ್ಗಡೆಯಾದವರ ಪೈಕಿ ಮೊದಲ ಐದನೇ ಒಂದು ಭಾಗದೊಳಗೆ ಇರಬೇಕು. ಫಲಿತಾಂಶ ಚೆನ್ನಾಗಿ ಬಂದ ವರ್ಷ ವಿಜ್ಞಾನ ವಿಭಾಗದಲ್ಲಿ ಶೇ. 85 ಪಡೆದವರೂ ಈ ಗೆರೆಯ ಕೆಳಗೆ ಉಳಿಯಬಹುದು, ಅದೇ ವರ್ಷ ಕಲಾ ವಿಭಾಗದಲ್ಲಿ ಅದಕ್ಕಿಂತ ಕಡಿಮೆ ಅಂಕದವರು ದಾಟಬಹುದು. ಗೆರೆ ದಾಟಿದ ಮಾತ್ರಕ್ಕೆ ವೇತನವೂ ಖಚಿತವಲ್ಲ. ಒಂದು ವಿಭಾಗದಲ್ಲಿ ಎರಡು ಲಕ್ಷ ಮಂದಿ ತೇರ್ಗಡೆಯಾದರೆಂದು ಇಟ್ಟುಕೊಂಡರೆ ಗೆರೆಯ ಮೇಲೆ ನಲವತ್ತು ಸಾವಿರ ಮಂದಿ ಇರುತ್ತಾರೆ. ಆದರೆ 82,000 ವೇತನಗಳು ಹಂಚಿಕೆಯಾಗುವುದು ರಾಜ್ಯದ 18ರಿಂದ 25 ವರ್ಷದವರ ಜನಸಂಖ್ಯೆಗೆ ತಕ್ಕಂತೆ, ಆಮೇಲೆ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರ ಅನುಪಾತದಲ್ಲಿ, ಅದರೊಳಗೆ ಮತ್ತೆ ಮೀಸಲಾತಿಗೆ ಅನುಗುಣವಾಗಿ. ಹೀಗಾಗಿ ಅರ್ಹರಾಗಿದ್ದೂ ಆಯ್ಕೆಯಾಗದವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ನಿಮ್ಮದು ಈ ಬಗೆಯದಾದರೆ ಪತ್ರ ಬರೆದು ಫಲವಿಲ್ಲ.

ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಅರ್ಜಿಯ ಸ್ಥಿತಿಯನ್ನು ನೋಡಿ, ಆ ಪುಟದ ಪ್ರತಿಯನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ. ಅರ್ಜಿ ಮೊದಲು ಕಾಲೇಜಿನಲ್ಲಿ ಈ ಕೆಲಸಕ್ಕೆ ನೇಮಕವಾದ ನೋಡಲ್ ಅಧಿಕಾರಿಯ ಬಳಿ, ಬಳಿಕ ಎರಡನೇ ಹಂತದ ಸರ್ಕಾರಿ ಅಧಿಕಾರಿಯ ಬಳಿ ಪರಿಶೀಲನೆಯಾಗುತ್ತದೆ. ‘ಡಿಫೆಕ್ಟಿವ್’ ಎಂದು ಬಂದಿದ್ದರೆ ಅದು ತಿರಸ್ಕಾರವಲ್ಲ. ತಪ್ಪು ಸರಿಪಡಿಸಿ ಗಡುವಿನೊಳಗೆ ಮತ್ತೆ ಸಲ್ಲಿಸಲು ಹಿಂದಿರುಗಿಸಿದ್ದಾರೆ ಎಂದರ್ಥ. ಕಾಲೇಜು ಹಂತದಲ್ಲೇ ಬಾಕಿ ಎಂದಿದ್ದರೆ ಅಂದೇ ನೋಡಲ್ ಅಧಿಕಾರಿಯನ್ನು ಕಂಡು ದಾಖಲೆ ತೋರಿಸಬೇಕು. ಪರೀಕ್ಷೆ, ಪ್ರವೇಶಾತಿಗಳ ನಡುವೆ ಈ ಕೆಲಸ ಒಬ್ಬ ಉಪನ್ಯಾಸಕರ ತಲೆಗೆ ಹೆಚ್ಚುವರಿಯಾಗಿ ಬಿದ್ದಿರುತ್ತದೆ, ಆದರೆ ಗಡುವು ಮುಗಿದರೆ ನಷ್ಟ ವಿದ್ಯಾರ್ಥಿಯದೇ.

ಅಂತಿಮವಾಗಿ ತಿರಸ್ಕೃತವಾಗಿದ್ದರೆ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಓದಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎಂ. ಎನ್.’ ಎಂದಿದ್ದು ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಸೇರಿದ್ದರೆ, ಹೆಸರು ಹೊಂದುವುದಿಲ್ಲವೆಂಬ ಆಕ್ಷೇಪಕ್ಕೆ ಅಷ್ಟೇ ಸಾಕು. ಇನಿಶಿಯಲ್ ಬಳಸುವ ನಮ್ಮ ಕಡೆಯವರಿಗೆ ಇದು ಹಳೆಯ ತಲೆನೋವು. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೆಂದೂ, ಅದರ ಮೇಲಿರುವ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ಸರಿಯಾಗಿ ನಮೂದಾಗಿದೆಯೆಂದೂ ನೋಡಿಕೊಳ್ಳಿ. ದೂರಶಿಕ್ಷಣಕ್ಕೂ ಡಿಪ್ಲೊಮಾ ಕೋರ್ಸುಗಳಿಗೂ ಈ ವೇತನವಿಲ್ಲ. ಇನ್ನೊಂದು ವಿಷಯವನ್ನು ಹಲವರು ಗಮನಿಸುವುದಿಲ್ಲ: ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ಮೂಲಕ ವಿದ್ಯಾರ್ಥಿವೇತನ ಅಥವಾ ಶುಲ್ಕ ಮರುಪಾವತಿ ಪಡೆಯುತ್ತಿರುವವರಿಗೆ ಇದು ದೊರೆಯುವುದಿಲ್ಲ. ಎರಡರಲ್ಲಿ ಹೆಚ್ಚು ಮೊತ್ತದ್ದು ಯಾವುದೆಂದು ಲೆಕ್ಕ ಹಾಕಿ ಒಂದನ್ನು ಉಳಿಸಿಕೊಳ್ಳಿ.

ಇಷ್ಟೆಲ್ಲ ಸರಿಯಿದ್ದೂ ಕಾರಣ ತಿಳಿಯದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ, ಎರಡನೇ ಹಂತದ ಪರಿಶೀಲನೆ ನಡೆಸಿದ ಕಚೇರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ‘ನನಗೇಕೆ ಕೊಡಲಿಲ್ಲ?’ ಎಂದು ಕೇಳಬೇಡಿ. ಕಾಯ್ದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ಹೀಗೆ ಬರೆಯಬಹುದು: ‘ನನ್ನ ಅರ್ಜಿ ಸಂಖ್ಯೆ ಇಂಥದ್ದು. ಇದನ್ನು ತಿರಸ್ಕರಿಸಿದ ಟಿಪ್ಪಣಿ ಅಥವಾ ಆದೇಶದ ಪ್ರತಿ, ಈ ವರ್ಷ ವಿಜ್ಞಾನ ವಿಭಾಗಕ್ಕೆ 80ನೇ ಪರ್ಸೆಂಟೈಲ್ ಎಂದು ನಿಗದಿಯಾದ ಅಂಕ, ಹಾಗೂ ನನ್ನ ವರ್ಗದಲ್ಲಿ ಆಯ್ಕೆಯಾದ ಕೊನೆಯ ಅಭ್ಯರ್ಥಿಯ ಅಂಕವನ್ನು ಹೆಸರಿಲ್ಲದೆ ಒದಗಿಸಬೇಕೆಂದು ಕೋರುತ್ತೇನೆ.’ ಕರ್ನಾಟಕ ಸರ್ಕಾರದ ಕಚೇರಿಗಾದರೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ಕಚೇರಿ ತಪ್ಪಿದ್ದರೂ ಚಿಂತೆಯಿಲ್ಲ, ಸಂಬಂಧಪಟ್ಟ ಕಚೇರಿಗೆ 5 ದಿನಗಳೊಳಗೆ ವರ್ಗಾಯಿಸುವುದು ಅವರ ಕರ್ತವ್ಯ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

ಉತ್ತರದಲ್ಲಿ ಕಚೇರಿಯ ಕಡೆಯ ತಪ್ಪು ಕಂಡುಬಂದರೆ ಆ ಪ್ರತಿಯನ್ನು ಲಗತ್ತಿಸಿ ಕೇಂದ್ರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಭಾಷೆ ನಯವಾಗಿರಲಿ, ದಿನಾಂಕಗಳು ಕ್ರಮವಾಗಿರಲಿ, ಬಡತನದ ವರ್ಣನೆ ಬೇಡ. ಪರಿಶೀಲನೆಯ ಗಡುವು ಮುಗಿಯುವ ಮೊದಲೇ ದೂರು ತಲುಪಿದರೆ ಮಾತ್ರ ಪರಿಹಾರದ ನಿರೀಕ್ಷೆ ಇಟ್ಟುಕೊಳ್ಳಬಹುದು. ಹಾಗಾಗಿ ಗಡುವು ಹತ್ತಿರವಿದ್ದರೆ ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯದೆ ದೂರನ್ನೇ ಮೊದಲು ಸಲ್ಲಿಸಿ.

ಜೊತೆಗೇ ಬೇರೆ ದಾರಿಗಳನ್ನೂ ನೋಡುತ್ತಿರಬೇಕು, ಏಕೆಂದರೆ ಈ ಯೋಜನೆಗೆ ಹೊಸ ಅರ್ಜಿ ಹಾಕಲು ಅವಕಾಶವಿರುವುದು ಪದವಿಯ ಮೊದಲ ವರ್ಷದಲ್ಲಿ. ಮೂಲವಿಜ್ಞಾನ ಓದುತ್ತಿರುವ, ಮಂಡಳಿಯ ಪರೀಕ್ಷೆಯಲ್ಲಿ ಮೊದಲ ಶೇ. 1ರೊಳಗೆ ಬಂದವರು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವರ್ಷಕ್ಕೆ 80,000 ರೂಪಾಯಿಯ ಇನ್‌ಸ್ಪೈರ್ ವೇತನದ ಪ್ರಕಟಣೆಯನ್ನು ಗಮನಿಸಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅದು ಅನ್ವಯಿಸುವುದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ರಾಜ್ಯದ ವಿದ್ಯಾಸಿರಿ ಯೋಜನೆಯಿಂದ 10 ತಿಂಗಳು ಊಟ-ವಸತಿ ನೆರವಿದೆ. ಇವು ಯಾವುದಕ್ಕೇ ಅರ್ಜಿ ಹಾಕುವುದಿದ್ದರೂ ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಸೀಡಿಂಗ್ (ಸರ್ಕಾರದ ಹಣ ಇದೇ ಖಾತೆಗೆ ಬರುವಂತೆ ಮಾಡುವ ನೋಂದಣಿ) ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಧಾರ್ ಜೋಡಣೆಯಾಗಿದೆ ಎಂಬ ಉತ್ತರಕ್ಕೆ ಸುಮ್ಮನಾಗದೆ, ನೇರ ನಗದು ವರ್ಗಾವಣೆಗೆ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ದಾಖಲೆಯಲ್ಲಿ ಈ ಖಾತೆಯೇ ಇದೆಯೇ ಎಂದು ಕೇಳಿ. ಮನೆಯವರು ಹಿಂದೆಂದೋ ತೆರೆಸಿದ್ದ ಇನ್ನೊಂದು ಖಾತೆಗೆ ಅದು ಸೇರಿಕೊಂಡಿದ್ದರೆ, ಮಂಜೂರಾದ ಹಣ ಅಲ್ಲಿಗೇ ಹೋಗುತ್ತದೆ.