ಅಟ್ಟದಿಂದ ಇಳಿಸಿದ ಟೇಪ್‌ರೆಕಾರ್ಡರ್ ಮತ್ತೆ ಹಾಡಬೇಕಾದರೆ

ಕೊಡಗಿನ ಹಳೆಯ ಮನೆಗಳ ಅಟ್ಟದಲ್ಲೋ ಗೋಡೆಬೀರುವಿನಲ್ಲೋ ರೇಡಿಯೊ ಮತ್ತು ಟೇಪ್‌ರೆಕಾರ್ಡರ್ ಕೂಡಿದ ಒಂದು ಟೂ-ಇನ್-ಒನ್ ಮತ್ತು ಅದರ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿಯ ತುಂಬ ಕ್ಯಾಸೆಟ್‌ಗಳು ಈಗಲೂ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಕೊಂಡ ಚಿತ್ರಗೀತೆಗಳಾದರೂ, ಮಿಕ್ಕವುಗಳಲ್ಲಿ ಹುತ್ತರಿ ಹಬ್ಬದಂದು ಅಂಗಳದಲ್ಲಿ ದುಡಿ ಬಡಿದು ಹಾಡಿದ ಹಾಡು, ಮದುವೆಯ ವಾಲಗ, ಈಗ ಇಲ್ಲದ ಅಜ್ಜಿಯೊಬ್ಬರು ಮೊಮ್ಮಕ್ಕಳಿಗೆ ಹೇಳಿದ ಕಥೆ ಇಂಥವು ಇರುತ್ತವೆ, ಮತ್ತು ಅವು ಆ ಒಂದು ಕ್ಯಾಸೆಟ್ಟಿನ ಹೊರತು ಬೇರೆಲ್ಲೂ ಇರುವುದಿಲ್ಲ. ಯಂತ್ರ ಕೆಟ್ಟರೆ ಅಂಥದ್ದೇ ಇನ್ನೊಂದನ್ನು ಹುಡುಕಬಹುದು, ಟೇಪು ಕೆಟ್ಟರೆ ಹುಡುಕಲು ಏನೂ ಉಳಿಯುವುದಿಲ್ಲ. ಆದ್ದರಿಂದ ಉಳಿಸಬೇಕಾದ ಕ್ಯಾಸೆಟ್ಟನ್ನು ಯಂತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಎಂದಿಗೂ ಬಳಸಬಾರದು. ಹಾಳಾದರೂ ಚಿಂತೆಯಿಲ್ಲದ ಚಿತ್ರಗೀತೆಯ ಕ್ಯಾಸೆಟ್ಟೊಂದನ್ನು ಅದಕ್ಕೆಂದೇ ಬೇರೆ ಇಟ್ಟುಕೊಳ್ಳಬೇಕು. ಮುಂದಿನ ಎಲ್ಲ ಕೆಲಸಗಳ ಕ್ರಮವೂ ಈ ಮಾತನ್ನೇ ಅನುಸರಿಸುತ್ತದೆ.

ಈ ಕೆಲಸದಲ್ಲಿ ಬೇಸರ ತರಿಸುವ ಸಂಗತಿಯೆಂದರೆ ದೋಷಗಳು ಒಂದರ ಹಿಂದೊಂದು ಅಡಗಿ ಕುಳಿತಿರುವುದು. ಮೋಟಾರು ತಿರುಗುವಂತಾದ ಮೇಲೆ ಧ್ವನಿ ಇಲ್ಲವೆಂದು ತಿಳಿಯುತ್ತದೆ, ಧ್ವನಿ ಬಂದ ಮೇಲೆ ಅದು ಓಲಾಡುತ್ತಿದೆಯೆಂದು ತಿಳಿಯುತ್ತದೆ, ಓಲಾಟ ನಿಂತ ಮೇಲೆ ಹಾಡಿನ ಪದಗಳೇ ಸ್ಪಷ್ಟವಿಲ್ಲವೆಂದು ಗೊತ್ತಾಗುತ್ತದೆ. ಪೇಟೆಯ ಅಂಗಡಿಗೆ ಒಯ್ದರೆ ‘ಇದನ್ನು ಬಿಸಾಡಿ, ಹೊಸದು ತಗೊಳ್ಳಿ’ ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ. ಆದರೆ ನಮ್ಮ ಕಡೆಯ ಯಂತ್ರಗಳಲ್ಲಿ ಕೆಟ್ಟಿರುವುದು ಬಹುಪಾಲು ರಬ್ಬರು, ಗ್ರೀಸು ಮತ್ತು ಸ್ವಿಚ್ಚಿನ ಸಂಪರ್ಕಗಳು. ಇವು ಮೂರನ್ನೂ ತಾಳ್ಮೆಯಿರುವ ಯಾರಾದರೂ ಮನೆಯಲ್ಲೇ ಸರಿಪಡಿಸಬಹುದು. ಕಕ್ಕಡ ತಿಂಗಳಿನ ಮಳೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳೇ ಯೋಗ್ಯ.

ಮೊದಲಿಗೆ, ಎಷ್ಟೇ ಕುತೂಹಲವಿದ್ದರೂ ಪ್ಲಗ್ ಹಾಕಬಾರದು. ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ಸ್ವಿಚ್ ಇದೆಯೇ ನೋಡಬೇಕು, ಏಕೆಂದರೆ ಹೊರದೇಶದಿಂದ ಬಂದ ಯಂತ್ರ 110 ವೋಲ್ಟ್‌ಗೆ ಹೊಂದಿಸಿದ್ದರೆ ನಮ್ಮ 230 ವೋಲ್ಟ್‌ಗೆ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಬ್ಯಾಟರಿ ಗೂಡಿನಲ್ಲಿ ಸೋರಿದ ಸೆಲ್ಲುಗಳಿದ್ದರೆ ತೆಗೆದು, ಪುಡಿಗಟ್ಟಿದ ಸ್ಪ್ರಿಂಗನ್ನು ಉಜ್ಜಿ ಒರೆಸಬೇಕು. ಬಳಿಕ ಹಿಂಬದಿಯ ಮುಚ್ಚಳ ಬಿಚ್ಚಬೇಕು. ಒಂದೆರಡು ಸ್ಕ್ರೂಗಳು ಬ್ಯಾಟರಿ ಗೂಡಿನೊಳಗೆ ಅಡಗಿರುವುದು ಸಾಮಾನ್ಯ, ಆದ್ದರಿಂದ ಮುಚ್ಚಳ ಬರಲಿಲ್ಲವೆಂದು ಬಲವಂತ ಮಾಡಬಾರದು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಯಾವ ತಂತಿ ಎಲ್ಲಿತ್ತು ಎಂಬ ಗೊಂದಲ ಉಳಿಯುವುದಿಲ್ಲ. ಒಳಗೆ ಕಣಜದ ಮಣ್ಣಿನ ಗೂಡು, ಹಲ್ಲಿಯ ಮೊಟ್ಟೆ, ಇಲಿ ಕಡಿದ ತಂತಿ ಏನು ಬೇಕಾದರೂ ಇರಬಹುದು. ಮೆತ್ತನೆಯ ಬ್ರಷ್‌ನಿಂದ ಸ್ವಚ್ಛಮಾಡಬೇಕು.

ಈಗ ಮೋಟಾರಿನ ತಿರುಗಾಟವನ್ನು ಚಕ್ರಗಳಿಗೆ ದಾಟಿಸುವ ಬೆಲ್ಟ್. ಹಳೆಯ ರಬ್ಬರ್ ಬೆಲ್ಟ್ ಸಡಿಲಗೊಂಡಿದ್ದರೆ ಅದು ಪುಣ್ಯವೆಂದೇ ಹೇಳಬೇಕು, ಏಕೆಂದರೆ ಹಲವು ಯಂತ್ರಗಳಲ್ಲಿ ಅದು ಕರಗಿ, ಹಲಸಿನ ಮೇಣದಂತೆ ಮೋಟಾರಿನ ಪುಲ್ಲಿಗೂ (ಬೆಲ್ಟ್ ಕೂರುವ ಪುಟ್ಟ ಗಾಲಿ) ಫ್ಲೈವೀಲ್ ಎಂಬ ಭಾರವಾದ ಚಕ್ರದ ಅಂಚಿಗೂ ಅಂಟಿಕೊಂಡು, ಮುಟ್ಟಿದ ಬೆರಳನ್ನೂ ಬಟ್ಟೆಯನ್ನೂ ಕಪ್ಪು ಮಾಡುತ್ತದೆ. ಮೇಣ ತೆಗೆಯುವ ಅಭ್ಯಾಸದಿಂದ ಇದಕ್ಕೂ ತೆಂಗಿನೆಣ್ಣೆಯನ್ನೋ ಸೀಮೆಎಣ್ಣೆಯನ್ನೋ ಹಚ್ಚಬೇಕೆನಿಸಬಹುದು, ಆದರೆ ಹಚ್ಚಬಾರದು. ಪುಲ್ಲಿಯಲ್ಲಿ ಎಣ್ಣೆಯ ಪಸೆ ಉಳಿದರೆ ಹೊಸ ಬೆಲ್ಟೂ ಜಾರುತ್ತದೆ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್ ತಂದು, ಕೈಗವಸು ತೊಟ್ಟು, ಹತ್ತಿ ಸುತ್ತಿದ ಕಡ್ಡಿಯಿಂದ ಪುಲ್ಲಿಯ ಸುತ್ತಲಿನ ತಗ್ಗಿನೊಳಗಿನ ಕಪ್ಪನ್ನು ಸ್ವಲ್ಪಸ್ವಲ್ಪವಾಗಿ ಎಬ್ಬಿಸುತ್ತ, ಹತ್ತಿ ಬಿಳಿಯಾಗಿಯೇ ಹೊರಬರುವವರೆಗೆ ಒರೆಸಬೇಕು. ಆ ತಗ್ಗಿನಲ್ಲಿ ಸಾಸಿವೆ ಕಾಳಿನಷ್ಟು ಅಂಟು ಉಳಿದರೂ ಬೆಲ್ಟ್ ಪ್ರತಿ ಸುತ್ತಿಗೂ ಅಲ್ಲಿ ಒಮ್ಮೆ ಕುಪ್ಪಳಿಸುತ್ತದೆ, ಮತ್ತು ಆ ಕುಪ್ಪಳಿಕೆ ಹಾಡಿನ ಉದ್ದನೆಯ ಸ್ವರಗಳಲ್ಲಿ ನಡುಕವಾಗಿ ಕೇಳುತ್ತದೆ.

ಹೊಸ ಬೆಲ್ಟಿನ ಅಳತೆಗಾಗಿ, ಬೆಲ್ಟ್ ಓಡುವ ದಾರಿಯಲ್ಲೇ ಒಂದು ದಾರವನ್ನು ಸುತ್ತಿ ಉದ್ದ ಅಳೆದು, ಅದಕ್ಕಿಂತ ಶೇಕಡಾ 5ರಿಂದ 10ರಷ್ಟು ಕಡಿಮೆ ಸುತ್ತಳತೆಯದನ್ನು ಆರಿಸಬೇಕು. ವ್ಯಾಸ ಕೇಳುವ ಅಂಗಡಿಯವರಿಗೆ ಆ ಸುತ್ತಳತೆಯನ್ನು 3.14ರಿಂದ ಭಾಗಿಸಿ ಹೇಳಬಹುದು. ಬೇರೆ ಬೇರೆ ಅಳತೆಯ ಬೆಲ್ಟುಗಳ ಪೊಟ್ಟಣಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ತುಂಬ ಬಿಗಿಯಾದರೆ ಮೋಟಾರಿನ ಬೇರಿಂಗ್ ಸವೆಯುತ್ತದೆ. ಹಣ ಕಟ್ಟುವ ರಬ್ಬರ್ ಬ್ಯಾಂಡಿನ ದಪ್ಪ ಎಲ್ಲ ಕಡೆ ಒಂದೇ ಸಮನಿಲ್ಲದಿರುವುದರಿಂದ ಅದು ಒಂದು ದಿನದ ಮಟ್ಟಿಗೂ ಸಲ್ಲದು.

ರೀಲಿನಿಂದ ಧ್ವನಿ ಓದುವ ಹೆಡ್ಡನ್ನು ಮತ್ತು ರೀಲನ್ನು ಎಳೆಯುವ ಕ್ಯಾಪ್‌ಸ್ಟನ್ ಎಂಬ ಸಣ್ಣ ಉಕ್ಕಿನ ಕಂಬವನ್ನು ಅದೇ ಆಲ್ಕೊಹಾಲಿನಿಂದ, ರೀಲನ್ನು ಆ ಕಂಬಕ್ಕೆ ಒತ್ತುವ ಪಿಂಚ್ ರೋಲರಿನ ರಬ್ಬರನ್ನು ತೆಳುವಾದ ಸೋಪುನೀರಿನಿಂದ ಒರೆಸಿ ಒಣಗಿಸಬೇಕು. ಗಟ್ಟಿಯಾದ ಹಳೆಯ ಗ್ರೀಸನ್ನು ಕೆರೆದು ತೆಗೆದು, ಕ್ಯಾಪ್‌ಸ್ಟನ್ನಿನ ಬೇರಿಂಗಿಗೆ ಹೊಲಿಗೆಯಂತ್ರದ ಎಣ್ಣೆ ಒಂದು ಹನಿ ಸಾಕು. ರೆಕಾರ್ಡ್ ಗುಂಡಿಯೊಂದಿಗೆ ಹಿಂದೆಮುಂದೆ ಸರಿಯುವ ಉದ್ದನೆಯ ಸ್ವಿಚ್ಚೊಂದು ಸರ್ಕೀಟ್ ಬೋರ್ಡಿನ ಮೇಲೆ ಇರುತ್ತದೆ, ಮತ್ತು ನಮ್ಮ ತೇವದಲ್ಲಿ ಅದರ ಸಂಪರ್ಕಗಳು ಕಪ್ಪಾಗುವುದು ಬಹು ಸಾಮಾನ್ಯ. ಒಂದು ಬದಿಯ ಸ್ಪೀಕರ್ ಮೂಕವಾಗಿರುವುದು, ಕರಕರ ಸದ್ದು, ಕೀರಲು ಕೂಗು ಇವಕ್ಕೆಲ್ಲ ಬೋರ್ಡಿನ ಐಸಿ (ಚಿಪ್) ಸುಟ್ಟಿದೆಯೆಂದು ತೀರ್ಮಾನಿಸುವ ಮೊದಲು ಆ ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವಾರು ಬಾರಿ ಸರಿಸಿ ನೋಡಬೇಕು. ಅಂಗಡಿಯವರು ಕೈಬಿಟ್ಟ ಎಷ್ಟೋ ಯಂತ್ರಗಳು ಇದೊಂದರಿಂದಲೇ ಮಾತಾಡುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿದ್ಯುತ್ ಕೊಡುವಾಗ ಎಲೆಕ್ಟ್ರಿಷಿಯನ್ನರ ಸೀರೀಸ್ ಬೋರ್ಡ್ ಬಳಸಬೇಕು, ಅಂದರೆ 40 ವಾಟಿನ ಹಳೆಯ ಮಾದರಿಯ ತಂತಿಬಲ್ಬಿನ ಮೂಲಕವೇ ಯಂತ್ರಕ್ಕೆ ಕರೆಂಟ್ ಹೋಗಬೇಕು. ಬಲ್ಬ್ ಕ್ಷಣಮಾತ್ರ ಬೆಳಗಿ ಮಂಕಾದರೆ ಮುಂದುವರಿಯಬಹುದು, ಪ್ರಕಾಶಮಾನವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆಯೆಂದು ತಿಳಿದು ತಕ್ಷಣ ಆರಿಸಬೇಕು. ಎಲ್ಲ ಸರಿಯಾಗಿದ್ದೂ ಗುಂಯ್‌ಗುಡುವ ಸದ್ದು ಹೋಗದಿದ್ದರೆ ವಿದ್ಯುತ್ ಭಾಗದ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಒಣಗಿರುವ ಸಂಭವ ಹೆಚ್ಚು. ಅಷ್ಟೇ ಮೈಕ್ರೊಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನ ಹೊಸದನ್ನು, ಪ್ಲಸ್ ಮೈನಸ್ ಅದಲುಬದಲಾಗದಂತೆ ಬೆಸುಗೆ ಹಾಕಿಸಬೇಕು. ವಾಲ್ವ್ ಎಂಬ ಗಾಜಿನ ಕೊಳವೆಗಳಿರುವ, ಬಿಡಿ ಸುರುಳಿ ಹಾಕುವ ಹಳೆಯ ಸ್ಪೂಲ್ ಯಂತ್ರವಾದರೆ ಒಳಗೆ ನೂರಾರು ವೋಲ್ಟ್ ಇದ್ದು, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುವುದರಿಂದ, ವಾಲ್ವ್ ರೇಡಿಯೊ ಬಲ್ಲ ಹಿರಿಯ ಮೆಕ್ಯಾನಿಕರ ಕೈಗೇ ಅದನ್ನು ಕೊಡಬೇಕು.

ಚಿತ್ರಗೀತೆಯ ಕ್ಯಾಸೆಟ್ ಹಾಕಿ, ಎರಡೂ ಬದಿ ಪೂರ್ತಿ ಓಡುವವರೆಗೆ ಪಕ್ಕದಲ್ಲೇ ಕುಳಿತು ನೋಡಬೇಕು. ಬಲಗಡೆಯ ಚಕ್ರ ನಡುನಡುವೆ ನಿಂತರೆ, ಕ್ಯಾಪ್‌ಸ್ಟನ್ ತಳ್ಳಿದ ರೀಲು ಸುತ್ತಿಕೊಳ್ಳಲು ಜಾಗವಿಲ್ಲದೆ ಒಳಗೆ ಸಿಕ್ಕಾಗುತ್ತದೆ. ಆ ಚಕ್ರವನ್ನು ತಿರುಗಿಸುವ ಚಿಕ್ಕ ರಬ್ಬರ್ ಟೈರನ್ನೋ ಎರಡನೆಯ ಬೆಲ್ಟನ್ನೋ ಸರಿಪಡಿಸುವವರೆಗೆ ಮುಖ್ಯವಾದ ಕ್ಯಾಸೆಟ್ಟನ್ನು ಹತ್ತಿರಕ್ಕೂ ತರಬಾರದು.

ವೇಗದ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಸರಿಯಾದ ಯಂತ್ರದಲ್ಲಿ 3,000 ಹರ್ಟ್ಸ್ ನಾದ ಧ್ವನಿಮುದ್ರಿಸಿದ ಕ್ಯಾಸೆಟ್ ದೊರೆತರೆ ಅದನ್ನು ಹಾಕಿ, ಮೊಬೈಲಿನ ಆವರ್ತನ ಅಳೆಯುವ ಆ್ಯಪಿನಲ್ಲಿ ನೋಡಬೇಕು. 3,060 ತೋರಿಸಿದರೆ ಯಂತ್ರ ಶೇಕಡಾ 2ರಷ್ಟು ವೇಗವಾಗಿದೆ. ಹಲವು ಮೋಟಾರುಗಳ ಹಿಂಬದಿಯ ಸಣ್ಣ ರಂಧ್ರದೊಳಗೆ ವೇಗ ಹೊಂದಿಸುವ ತಿರುಪು ಇರುತ್ತದೆ. ಆದರೆ ಯಂತ್ರ ಸರಿಯಾದ ಮೇಲೂ ಮನೆಯ ಧ್ವನಿಮುದ್ರಣ ಕೀರಲಾಗಿ ಕೇಳಬಹುದು, ಏಕೆಂದರೆ ಅಂದು ಮುದ್ರಿಸಿದ ಯಂತ್ರದ ಸೆಲ್ಲುಗಳೇ ಇಳಿದು ಅದು ನಿಧಾನವಾಗಿ ಓಡಿರಬಹುದು. ಕರೆಂಟಿನಲ್ಲಿ ಮುದ್ರಿಸಿದ್ದಾದರೆ ಹಿನ್ನೆಲೆಯಲ್ಲಿರುವ ಗುಂಯ್‌ ಸದ್ದು ಸುಮಾರು 50 ಹರ್ಟ್ಸ್ ಇರಬೇಕು. ಅದು 52 ಎಂದು ತೋರಿದರೆ ಎಷ್ಟು ನಿಧಾನಿಸಬೇಕೆಂಬ ಸುಳಿವು ಸಿಗುತ್ತದೆ, ಆದರೆ ಆ ದಿನಗಳಲ್ಲಿ ವಿದ್ಯುತ್ತಿನ ಆವರ್ತನವೇ 50ರಿಂದ ಕೆಳಗೆ ಜಾರುತ್ತಿದ್ದುದರಿಂದ ಹಾಡಿದವರ ದನಿಯನ್ನು ಬಲ್ಲ ಹಿರಿಯರ ಕಿವಿಗೂ ಒಮ್ಮೆ ಕೇಳಿಸುವುದು ಒಳ್ಳೆಯದು. ಈ ತಿದ್ದುಪಡಿಯನ್ನು ಕಂಪ್ಯೂಟರಿನಲ್ಲಿ ಮಾಡಬೇಕೇ ಹೊರತು ಮೋಟಾರಿನ ತಿರುಪಿನಲ್ಲಲ್ಲ.

ಪದಗಳು ಕಂಬಳಿ ಹೊದಿಸಿದಂತೆ ಮಂದವಾಗಿದ್ದರೆ ಹೆಡ್ಡಿನ ಓರೆ ಸರಿಯಿಲ್ಲ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಸ್ಕ್ರೂ ಇರುತ್ತದೆ. ಅದರ ಈಗಿನ ಸ್ಥಾನವನ್ನು ಗುರುತು ಮಾಡಿಕೊಂಡು, ಹಾಡು ಓಡುತ್ತಿರುವಾಗಲೇ ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತ, ದುಡಿಯ ಮೇಲೆ ಕಡ್ಡಿ ಬೀಳುವ ಸದ್ದು ಅತಿ ಚೂಪಾಗಿ ಕೇಳುವ ಕಡೆ ನಿಲ್ಲಿಸಬೇಕು. ಪ್ರತಿ ಕ್ಯಾಸೆಟ್ಟಿಗೂ ಈ ಸ್ಥಾನ ಬೇರೆಯಾಗಿರಬಹುದು.

ಈಗ ಮುಖ್ಯವಾದ ಕ್ಯಾಸೆಟ್. ಮೊದಲು ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಸಿಹೋಗುವುದಿಲ್ಲ. ಕಿಟಕಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ಹಾಗೆಯೇ ಹಾಕಿದರೆ ಹೆಡ್ಡಿಗೂ ಮುಂದಿನ ಕ್ಯಾಸೆಟ್‌ಗಳಿಗೂ ಬೂಷ್ಟು ದಾಟುತ್ತದೆ. ಬಿಸಿಲಿಗೂ ಒಲೆಯ ಮೇಲಿನ ಅಟ್ಟಕ್ಕೂ ಇಡದೆ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಕೆಲವು ದಿನ ಒಣಗಿಸಿ, ಮೂಗಿಗೆ ಮಾಸ್ಕ್ ಹಾಕಿ ಹೊರಾಂಗಣದಲ್ಲಿ ಮೆತ್ತಗೆ ಬ್ರಷ್ ಮಾಡಬೇಕು. ರೀಲನ್ನು ಒತ್ತುವ ಪುಟ್ಟ ಉಣ್ಣೆಯ ತುಂಡು ಉದುರಿದ್ದರೆ, ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಕವಚಕ್ಕೆ ಸುರುಳಿಗಳನ್ನು ವರ್ಗಾಯಿಸುವುದೇ ಸುಲಭ. ತುಂಡಾದ ರೀಲಿಗೆ ಸೆಲ್ಲೊಟೇಪ್ ಹಚ್ಚಬಾರದು, ಅದರ ಅಂಟು ಮುಂದಿನ ಸುತ್ತಿಗೆ ಹರಡುತ್ತದೆ. ರೀಲು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪನ್ನೇ ತರಿಸಬೇಕು. ಸಿ-120 ಕ್ಯಾಸೆಟ್ಟಿನ ರೀಲಿನ ದಪ್ಪ ಸುಮಾರು 9 ಮೈಕ್ರಾನ್ ಮಾತ್ರ, ಹಾಗಾಗಿ ಅದನ್ನು ವೇಗವಾಗಿ ಓಡಿಸುವುದು ಬೇಡ. ಯಾವುದೇ ಟೇಪು ಕಿರಿಚುತ್ತ ಹೆಡ್ಡಿನ ಮೇಲೆ ಕಂದು ಪಸೆ ಬಿಡತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಧ್ವನಿ ಸಂಗ್ರಹದ ಅನುಭವವಿರುವವರನ್ನು ಕೇಳಬೇಕು.

ನುಡಿಸಿದ ಮೊದಲ ಸಲವೇ ಪ್ರತಿ ತೆಗೆಯಬೇಕು, ಎರಡನೆಯ ಸಲ ಅದು ಓಡುತ್ತದೆಂಬ ಭರವಸೆಯಿಲ್ಲ. ಲ್ಯಾಪ್‌ಟಾಪಿನ ಮೈಕ್ ತೂತು ಸಾಮಾನ್ಯವಾಗಿ ಇದಕ್ಕೆ ಹೊಂದುವುದಿಲ್ಲವಾದ್ದರಿಂದ ಲೈನ್-ಇನ್ (ಬೇರೆ ಯಂತ್ರದ ಧ್ವನಿಯನ್ನು ತಂತಿಯಿಂದ ತೆಗೆದುಕೊಳ್ಳುವ ತೂತು) ಇರುವ ಸಣ್ಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬಳಸಿ, ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ 24 ಬಿಟ್, 48 ಕಿಲೊಹರ್ಟ್ಸ್ ವೇವ್ ಕಡತವಾಗಿ ಮುದ್ರಿಸಿದರೆ ಒಂದು ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕಾಗುತ್ತದೆ. ಸದ್ದು ತೆಗೆಯುವ ಯಾವ ಶುದ್ಧೀಕರಣವನ್ನೂ ಮೂಲ ಕಡತದ ಮೇಲೆ ಮಾಡದೆ, ಅದರ ನಕಲಿನ ಮೇಲೆ ಮಾಡಬೇಕು. ಮೂಲ ಕಡತದ ಪ್ರತಿಗಳನ್ನು ಎರಡು ಬೇರೆ ಮನೆಗಳಲ್ಲಿ ಇಡುವುದು ಲೇಸು.

ಯಂತ್ರವನ್ನು ಮತ್ತೆ ಎತ್ತಿಡುವಾಗ ಸೆಲ್ಲುಗಳನ್ನು ತೆಗೆದು, ಪ್ಲೇ ಗುಂಡಿ ಒತ್ತಿದ ಸ್ಥಿತಿಯಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಇಲ್ಲವಾದರೆ ಪಿಂಚ್ ರೋಲರಿನ ರಬ್ಬರಿನಲ್ಲಿ ಕ್ಯಾಪ್‌ಸ್ಟನ್ನಿನ ತಗ್ಗು ಬೀಳುತ್ತದೆ. ಮಳೆಗಾಲದಲ್ಲಿ ಬೀರುವಿನ ತಳದಲ್ಲಿ ಸಣ್ಣ ತಂತಿಬಲ್ಬ್ ಉರಿಸಿ ತೇವ ಕಡಿಮೆ ಮಾಡುವ ತೋಟದ ಮನೆಗಳ ಹಳೆಯ ಪದ್ಧತಿ ಯಂತ್ರಕ್ಕೆ ಒಳ್ಳೆಯದು, ಆದರೆ ಕ್ಯಾಸೆಟ್‌ಗಳು ಬಲ್ಬಿನ ಬಿಸಿ ತಟ್ಟದ ಮೇಲಿನ ಅರೆಯಲ್ಲಿ ನೆಟ್ಟಗೆ ನಿಂತಿರಬೇಕು. ತಿಂಗಳಿಗೊಮ್ಮೆ ಚಿತ್ರಗೀತೆಯ ಕ್ಯಾಸೆಟ್ ಹಾಕಿ ಅರ್ಧ ಗಂಟೆ ಓಡಿಸಿದರೆ ಬೆಲ್ಟ್ ಒಂದೇ ಕಡೆ ಬಾಗಿ ಕೂರುವುದಿಲ್ಲ, ಸ್ವಿಚ್ಚಿನ ಸಂಪರ್ಕಗಳೂ ಬೇಗ ಕಪ್ಪಾಗುವುದಿಲ್ಲ.